ಫೋನು ಎತ್ತದ ಗುಮಾಸ್ತರು

ಭದ್ರತಾ ಸಚಿವಾಲಯ, ಮೂರನೇ ಮಹಡಿ
ಮಾರ್ಚ್ ೪, ಮಂಗಳವಾರ, ಊಟದ ಬಿಡುವು

ಪ್ರೀತಿಯ ಅಕ್ಕಾ,

ಬೆನ್ನುನೋವು ಹೇಗಿದೆ? ಹೆರಿಗೆ ಮಾಡಿಸುವವಳು ಬೆನ್ನು ಬಗ್ಗಿಸದೆ ಇನ್ನೇನು ಮಾಡಲಿ ಅಂತ ನೀನು ಬೈಯುವುದು ಇಲ್ಲಿಗೇ ಕೇಳಿಸುತ್ತಿದೆ. ನಾವು ಚೆನ್ನಾಗಿದ್ದೇವೆ. ಸುದ್ದಿಯಲ್ಲಿ ನೀನಿರುವ ದೇಶದ ಹೆಸರು ಬಂದರೆ ಅಮ್ಮ ಈಗಲೂ ಟಿವಿ ಆರಿಸುತ್ತಾಳೆ. ಅವಳಿಗೆ ನಿನ್ನ ಕಾಗದವೇ ಆಗಬೇಕು.

ನನ್ನ ಕೆಲಸ ನಿನಗೆ ಗೊತ್ತು: ಯಾವ ದೇಶ ಕುಸಿದಿದೆ, ಯಾವುದು ಇನ್ನೂ ನಿಂತಿದೆ ಎಂದು ಹನ್ನೆರಡು ಕಲಮುಗಳಲ್ಲಿ ಅಂಕ ಹಾಕುವುದು. 'ವಿಫಲ ರಾಷ್ಟ್ರ'ಗಳ ಪಟ್ಟಿಗೆ ಸೇರಿದರೆ ನಮ್ಮ ಸರ್ಕಾರ ವಿಮಾನ ನಿಲ್ಲಿಸುತ್ತದೆ, ನಿನ್ನ ಆಸ್ಪತ್ರೆಗೆ ಹೋಗುವ ಔಷಧಿಯೂ ನಿಲ್ಲುತ್ತದೆ. 'ಆಡಳಿತ' ಎಂಬ ಕಲಮಿಗೆ ನಮ್ಮದೊಂದು ಪದ್ಧತಿ ಇದೆ. ಅಲ್ಲಿನ ಯಾವುದಾದರೂ ಸರ್ಕಾರಿ ಕಚೇರಿಗೆ ಮೂರು ದಿನ, ದಿನಕ್ಕೆ ಮೂರು ಸಲ ಫೋನ್ ಮಾಡುತ್ತೇವೆ. ಯಾರೂ ಎತ್ತದಿದ್ದರೆ ಸೊನ್ನೆ. ನೀನಿರುವ ಊರಿನ ಜನನ ನೋಂದಣಿ ಕಚೇರಿಗೆ ನಾನೇ ಮಾಡಿದೆ. ಒಂಬತ್ತು ಸಲವೂ ಗಂಟೆ ಬಡಿದುಕೊಂಡು ಸುಮ್ಮನಾಯಿತು. ಸೊನ್ನೆ ಬರೆದು ಚಹಾ ಕುಡಿಯಲು ಹೋದೆ.

ಮರುವಾರ ನಿನ್ನ ಕಾಗದ ಬಂತು. ಆ ಕಚೇರಿಯ ಸೂರು ಹಾರಿಹೋಗಿದೆ, ಫೋನು ಒಳಗೇ ಉಳಿದಿದೆ, ಗುಮಾಸ್ತರು ಮಾತ್ರ ಎದುರಿನ ಮರದ ಕೆಳಗೆ ಮೇಜು ಹಾಕಿಕೊಂಡು ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಕೂರುತ್ತಾರೆ ಎಂದು ಬರೆದಿದ್ದೆ. ಹೇಳುವವರಿಲ್ಲ, ಕೇಳುವವರಿಲ್ಲ. ನೀನು ಅವಸರದಲ್ಲಿ ಒಂದು ಮಗುವಿನ ತೂಕ ಬರೆಯದೆ ನೋಂದಣಿ ಅರ್ಜಿ ಕೊಟ್ಟಾಗ, "ಸಿಸ್ಟರಮ್ಮಾ, ದೇಶಕ್ಕೆ ಏನಾದರೂ ಆಗ್ಲಿ, ಕಲಂ ಖಾಲಿ ಬಿಡಬಾರ್ದು" ಎಂದು ವಾಪಸು ಅಟ್ಟಿದರಂತೆ. ಓದಿ ನಕ್ಕೆ. ಆಮೇಲೆ ನಗು ನಿಂತಿತು. ನಾನೂ ಒಂದು ಕಲಂ ತುಂಬಿಸಿದ್ದೆನಲ್ಲ.

ಇಪ್ಪತ್ತು ವರ್ಷದಿಂದ ಈ ಕುರ್ಚಿಯಲ್ಲಿ ಕೂತು ರಾಷ್ಟ್ರ ಎಂಬುದರ ವ್ಯಾಖ್ಯೆ ತಿದ್ದುತ್ತಿದ್ದೇನೆ. ಆ ಗುಮಾಸ್ತರು ಅದನ್ನು ಓದಿರಲಾರರು. ನೀನಂತೂ ಓದಿಲ್ಲ. ನೀವಿಬ್ಬರೂ ಸೇರಿ ಒಂದೊಂದೇ ಮಗುವನ್ನು, ತೂಕದ ಸಮೇತ, ಒಂದು ದೇಶಕ್ಕೆ ಸೇರಿಸುತ್ತಿದ್ದೀರಿ.

ಅವರಿಗೆ ನನ್ನ ನಮಸ್ಕಾರ ಹೇಳು. ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನ ತಮ್ಮ,
ಮೊದ್ದು

ತಾ.ಕ.: ಸೊನ್ನೆಯನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದ್ದೇನೆ. "ಯಾರ ಸಾಕ್ಷಿ ಇದೆಯಪ್ಪಾ ಇದಕ್ಕೆ?" ಅಂದರು ನಿರ್ದೇಶಕರು. ಅಕ್ಕನದು ಎಂದೆ. ಕಡತಕ್ಕೆ ಅದು ಸಾಲದಂತೆ. ಪಟ್ಟಿ ಇಪ್ಪತ್ತನೇ ತಾರೀಖಿಗೆ ಅಂತಿಮವಾಗುತ್ತದೆ. ಈ ಕಾಗದ ತರುವ ಪೈಲಟ್ ಹದಿನೆಂಟಕ್ಕೆ ಅಲ್ಲಿಂದ ಹೊರಡುತ್ತಾರೆ. ನಿನಗೊಂದು ಸೀಟು ಹೇಳಿಟ್ಟಿದ್ದೇನೆ. ನೀನು ಬರುವವಳಲ್ಲ, ಗೊತ್ತು. ಆ ಸೀಟಿನಲ್ಲಿ ಗುಮಾಸ್ತರ ರಿಜಿಸ್ಟರಿನ ನಕಲನ್ನು ಕೂರಿಸಿ ಕಳಿಸು. ಮೊಹರು, ಸಹಿ, ತಾರೀಖು ಎಲ್ಲ ಇರಲಿ. ಇಲ್ಲಿಯೂ ಕಲಂ ಖಾಲಿ ಬಿಡುವಂತಿಲ್ಲ.