ಸತ್ತವರು ಮೇಲೇರುವ ಪಟ್ಟಿ

ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಕೇಂದ್ರದ ರಕ್ತದಾನಿಗಳ ಪಟ್ಟಿಯಲ್ಲಿ, ಸೂರತ್ ನಗರದ ಬಿ ನೆಗೆಟಿವ್ ಗುಂಪಿನಡಿ, ಮೊಟ್ಟಮೊದಲ ಹೆಸರು ಬಾಲಕೃಷ್ಣ ಎಂಬುವವರದು. ಅವರು ೨೦೦೪ರ ಜನವರಿಯಲ್ಲಿ ತೀರಿಕೊಂಡರು. ಇದನ್ನು ನಿಮಗೆ ಇಂಗ್ಲಿಷಿನಲ್ಲಿ ಮೂರು ಸಲ ಬರೆದು ತಿಳಿಸಿದೆ, ಗುಜರಾತಿಯಲ್ಲಿ ಒಂದು ಸಲ ಬರೆಸಿ ಕಳಿಸಿದೆ, ಖುದ್ದಾಗಿ ಬಂದು ಹೇಳಿದೆ. ಅವರು ಹೋಗಿ ಎರಡು ವರ್ಷ ದಾಟಿದರೂ ಹೆಸರು ಅಲ್ಲೇ ಇದೆ. ತೆಗೆದುಹಾಕಿದ್ದು ನಮ್ಮನ್ನು ಮಾತ್ರ. ಆದ್ದರಿಂದ ಈ ಸಲ ಕನ್ನಡದಲ್ಲಿ, ವಡೋದರಾದ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ, ನಾಲ್ಕು ಜನ ನೋಡುವಂತೆ ಬರೆಯುತ್ತಿದ್ದೇನೆ. ನೀವು ಓದುವುದಿಲ್ಲ ಎಂದು ಖಚಿತವಾದ ಮೇಲೆ ಯಾವ ಭಾಷೆಯಾದರೇನು? ಕನ್ನಡವಾದರೆ ಬಾಲಕೃಷ್ಣರ ಹೆಂಡತಿಯಾದರೂ ಓದಿಯಾರು.

ಓದುಗರಿಗಾಗಿ ಸ್ವಲ್ಪ ಹಿನ್ನೆಲೆ ಹೇಳಬೇಕು. ನೀವು ಬೇಕಾದರೆ ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಬಿಟ್ಟುಬಿಡುವುದು ನಿಮ್ಮ ಕಚೇರಿಗೆ ಹೊಸದಲ್ಲ. ವಡೋದರಾದ ಸಯಾಜಿಗಂಜಿನ ಒಂದು ಮಹಡಿ ಕೋಣೆಯಲ್ಲಿ ನಾವು ಆರು ಮಂದಿ ಸೇರಿ, ರಕ್ತ ಬೇಕಾದವರಿಗಾಗಿ ಸಹಾಯವಾಣಿ ನಡೆಸುತ್ತೇವೆ. ಎರಡು ಫೋನು, ಎರಡು ಕಂಪ್ಯೂಟರು. ಅಹಮದಾಬಾದಿನಿಂದಲೂ ಸೂರತ್ತಿನಿಂದಲೂ ಕರೆ ಬರುತ್ತದೆ. ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಓದಿದವಳು, ಪ್ರೋಗ್ರಾಮು ಬರೆಯುವುದನ್ನು ನಲವತ್ತು ದಾಟಿದ ಮೇಲೆ ಕಲಿತವಳು. ೨೦೦೪ರ ಆಗಸ್ಟಿನಲ್ಲಿ ನಿಮ್ಮ ಕೇಂದ್ರ ತನ್ನ ಪಟ್ಟಿಯನ್ನು ವೆಬ್ ಸರ್ವಿಸ್ ಆಗಿ ತೆರೆಯಿತು. ಅಂದರೆ, ನಮ್ಮ ಪ್ರೋಗ್ರಾಮು ಇಂಟರ್‌ನೆಟ್ಟಿನ ಮೂಲಕ ನಿಮ್ಮ ಕಂಪ್ಯೂಟರನ್ನು ‘ಈ ಊರಿನಲ್ಲಿ ಈ ಗುಂಪಿನವರು ಯಾರಿದ್ದಾರೆ’ ಎಂದು ಕೇಳುತ್ತದೆ. ಅದು ಐದು ಹೆಸರು, ಐದು ಫೋನ್ ನಂಬರು ಕೊಡುತ್ತದೆ. ಕೇಳುತ್ತಿರುವವರು ಯಾರೆಂದು ನಿಮಗೆ ಗೊತ್ತಾಗಲು ನಮಗೊಂದು ಉದ್ದನೆಯ ಗುರುತಿನ ಸಂಖ್ಯೆ ಕೊಟ್ಟಿದ್ದಿರಿ, ಅದಕ್ಕೆ ಕೀ ಎಂದು ಹೆಸರು. ಇದನ್ನೆಲ್ಲ ನಮ್ಮ ಪ್ರೋಗ್ರಾಮಿಗೆ ಜೋಡಿಸಲು ನನಗೆ ಹನ್ನೊಂದು ದಿನ ಹಿಡಿಯಿತು. ಮೊದಲ ಸಲ ಐದು ಹೆಸರು ಪರದೆಯ ಮೇಲೆ ಮೂಡಿದಾಗ, ಒಳ್ಳೆಯ ಕವಿತೆಯೊಂದನ್ನು ಓದಿ ಪುಸ್ತಕ ಮಡಚಿಟ್ಟವಳ ಹಾಗೆ ಸುಮ್ಮನೆ ಕೂತಿದ್ದೆ. ಯಾರೋ ಐದು ಜನ, ತಾವು ಕಂಡರಿಯದವರಿಗಾಗಿ ತೋಳು ಚಾಚಲು ಒಪ್ಪಿಕೊಂಡವರು.

ನಿಮ್ಮ ಹದಿನಾಲ್ಕು ಪುಟದ ಕೈಪಿಡಿಯಲ್ಲಿ ಒಂದು ನಿಯಮವಿತ್ತು. ರಕ್ತ ಕೊಟ್ಟು ಯಾರಿಗೆ ಹೆಚ್ಚು ದಿನವಾಗಿದೆಯೋ ಅವರ ಹೆಸರು ಮೊದಲು ಬರುತ್ತದೆ. ಎಷ್ಟು ನ್ಯಾಯವಾದ ಮಾತು ಎಂದು ನಾನೇ ಹೊಗಳಿದ್ದೆ. ಕೊಟ್ಟವರನ್ನೇ ಮತ್ತೆ ಮತ್ತೆ ಪೀಡಿಸಬಾರದಲ್ಲವೇ? ನಿಯಮ ಬರೆದವರಿಗೆ ಹೊಳೆಯದ ಒಂದು ಸಂಗತಿ ನನಗೂ ಹೊಳೆಯಲಿಲ್ಲ. ಬದುಕಿರುವವರು ರಕ್ತ ಕೊಟ್ಟಾಗಲೆಲ್ಲ ಪಟ್ಟಿಯ ಕೆಳಕ್ಕೆ ಇಳಿಯುತ್ತಾರೆ. ಸತ್ತವರು ಇನ್ನೆಂದೂ ಕೊಡುವುದಿಲ್ಲ. ಅವರು ದಿನದಿನವೂ ಒಂದೊಂದೇ ಮೆಟ್ಟಿಲು ಹತ್ತುತ್ತಾ ಬರುತ್ತಾರೆ.

ನಾನು ನಮ್ಮ ಪ್ರೋಗ್ರಾಮು ಶುರು ಮಾಡುವ ಹೊತ್ತಿಗೇ ಬಾಲಕೃಷ್ಣ ತೀರಿಕೊಂಡು ಏಳು ತಿಂಗಳಾಗಿತ್ತು. ಮೊದಮೊದಲು ಐದನೆಯ ಸಾಲಿನಲ್ಲಿದ್ದರು, ಆಮೇಲೆ ಮೂರಕ್ಕೆ ಬಂದರು, ೨೦೦೫ರ ಬೇಸಿಗೆಯಲ್ಲಿ ಮೊದಲ ಸಾಲಿಗೆ ಬಂದು ನಿಂತರು. ನಮ್ಮಲ್ಲಿ ಫೋನು ನೋಡಿಕೊಳ್ಳುವ ರಶ್ಮಿ ಆ ನಂಬರಿಗೆ ಕರೆ ಮಾಡಿದಾಗಲೆಲ್ಲ ಒಬ್ಬ ಹೆಂಗಸು ಎತ್ತಿಕೊಂಡು, ಊರಿಗೆ ಹೋಗಿದ್ದಾರೆ, ಇಲ್ಲ ಎನ್ನುತ್ತಿದ್ದರು. ದಾನಿ ಊರಿನಲ್ಲಿಲ್ಲದಿದ್ದರೆ ಒತ್ತಲು ನಾನೊಂದು ಗುಂಡಿ ಇಟ್ಟಿದ್ದೆ. ಅದನ್ನು ಒತ್ತಿದರೆ ಮೂರು ದಿನ ಬಿಟ್ಟು ಪ್ರೋಗ್ರಾಮೇ ‘ಮತ್ತೆ ಕರೆ ಮಾಡಿ’ ಎಂದು ನೆನಪಿಸುತ್ತದೆ. ಆ ಗುಂಡಿಯ ಬಗ್ಗೆ ನನಗೆ ಸಣ್ಣ ಹೆಮ್ಮೆಯೂ ಇತ್ತು.

ರಶ್ಮಿ ವಡೋದರಾದಲ್ಲೇ ಹುಟ್ಟಿ ಬೆಳೆದ ಹುಡುಗಿ, ಅವಳ ಕನ್ನಡ ಅರ್ಧ ಹಿಂದಿ. “ಆಂಟಿ, ಈ ಬಾಲಕೃಷ್ಣ ಅಂಕಲ್ ಫಿರ್ ಸೇ ಊರಲ್ಲಿ ಇಲ್ಲ ಅಂತೆ. ಇಷ್ಟು ಘೂಮ್ತಾರಲ್ಲ, ಟೂರ್ ಗೈಡಾ ಅವರು?”

“ನಮ್ಮ ಕಡೆಯವರು ಊರಿಗೆ ಹೋದರೆ ಅಷ್ಟು ಬೇಗ ವಾಪಸ್ ಬರಲ್ಲ ಕಣೇ.”

“ಒಂದು ವರ್ಷದಿಂದ? ಅಲ್ಲಿ ಇನ್ನೊಂದು ಶಾದಿ ಮಾಡ್ಕೊಂಡ್ರಾ?”

ಇಬ್ಬರೂ ನಕ್ಕೆವು. ಆ ಕೋಣೆಯಲ್ಲಿ ಒಬ್ಬಳೇ ಕೂತಿದ್ದಾಗ ನನಗೆ ಈಗಲೂ ಆ ನಗು ಕೇಳಿಸುತ್ತದೆ, ಅಧಿಕಾರಿಗಳೇ. ಫೋನಿನ ಆ ತುದಿಗೂ ಕೇಳಿಸಿತ್ತೇನೋ ಎಂಬ ಅನುಮಾನವೂ ಬರುತ್ತದೆ.

ಕಳೆದ ಅಕ್ಟೋಬರಿನಲ್ಲಿ ಬೇರೆ ಕೆಲಸಕ್ಕೆಂದು ಸೂರತ್ತಿಗೆ ಹೋದವಳು, ಈ ಸಂಚಾರಿ ದಾನಿಗೆ ಎರಡು ಮಾತು ಅಂದೇ ಬರೋಣವೆಂದು ವಿಳಾಸ ಹುಡುಕಿಕೊಂಡು ವರಾಛಾಕ್ಕೆ ಹೋದೆ. ವಜ್ರ ಉಜ್ಜುವ ಕಾರ್ಖಾನೆಗಳ ನಡುವೆ ಒಂದು ಉಡುಪಿ ಹೋಟೆಲು. ನಿಮ್ಮ ಪಟ್ಟಿಯಲ್ಲಿದ್ದದ್ದು ಹೋಟೆಲಿನ ಫೋನು, ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸಿದ ನಂಬರು. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಹೆಂಗಸಿಗೆ, “ಬಾಲಕೃಷ್ಣ ಅವರು ಊರಿಂದ ಬಂದರೋ, ಇನ್ನೂ ಇಲ್ಲವೋ?” ಎಂದು ಕೇಳಿದೆ. ದನಿಯಲ್ಲಿ ಕುಟುಕು ಇತ್ತು, ಒಪ್ಪಿಕೊಳ್ಳುತ್ತೇನೆ.

ಅವರು ನನ್ನ ಮುಖ ನೋಡಿದರು. “ನೀವು ಆ ರಕ್ತದ ಫೋನಿನವ್ರಾ? ಯಾರಿಗೆ ಹುಷಾರಿಲ್ಲ?”

“ಯಾರಿಗೂ ಏನಿಲ್ಲ. ಸುಮ್ಮನೆ ಬಂದೆ.”

“ಆಸ್ಪತ್ರೆಯಲ್ಲಿ ನಿಮ್ಮವ್ರು ಯಾರೂ ಇಲ್ಲ ಅಲ್ವಾ? ಖಂಡಿತಾ?”

“ಇಲ್ಲ.”

ಆಮೇಲಷ್ಟೇ ಅವರು ತಲೆಯೆತ್ತಿ ಹಿಂದಿನ ಗೋಡೆ ತೋರಿಸಿದರು. ಹಾರ ಹಾಕಿದ ಫೋಟೋ, ಕೆಳಗೆ ಹೆಸರು, ಎರಡು ತಾರೀಖು.

ಅವರ ಹೆಸರು ಸುಮತಿ. ಮೈದುನನ ಜೊತೆ ಸೇರಿ ಹೋಟೆಲು ನಡೆಸುತ್ತಾರೆ. “ಆಸ್ಪತ್ರೆಯಿಂದ ಫೋನ್ ಮಾಡುವವ್ರಿಗೆ ಸತ್ತ ಸುದ್ದಿ ಹೇಳ್ಲಿಕ್ಕುಂಟಾ ಮಾರಾಯ್ರೆ?” ಎಂದರು. “ಅವ್ರು ಜೀವ ಉಳಿಸ್ಲಿಕ್ಕೆ ಒದ್ದಾಡ್ತಿರ್ತಾರೆ. ನಮ್ಮಲ್ಲಿ ಕಾಯಿಲೆಯವ್ರನ್ನು ನೋಡ್ಲಿಕ್ಕೆ ಹೊರಟವ್ರ ಹತ್ರ ಸಹ ಸಾವಿನ ಮಾತು ಎತ್ತುದಿಲ್ಲ. ಊರಿಗೆ ಹೋಗಿದ್ದಾರೆ ಅಂದೆ. ಒಂದು ಸಲ ಹಾಗೆ ಹೇಳಿದ ಮೇಲೆ ಇನ್ನೊಂದು ಸಲ ಬೇರೆ ಹೇಳುದು ಹೇಗೆ? ಆದ್ರೆ ನಿಮ್ಮ ಫೋನು ಮೂರು ದಿನ ಬಿಟ್ಟು ಮತ್ತೆ ಬರ್ತದೆ. ಸರಿಯಾಗಿ ಮೂರೇ ದಿನ. ಇದನ್ನು ಕೂತು ಎಣಿಸುವವ್ರು ಯಾರಪ್ಪಾ ಅಂತ ಮೈದುನನ ಹತ್ರ ಹೇಳ್ತಿದ್ದೆ.”

ಎಣಿಸಿದವಳು ನಾನೇ. ವಾಪಸು ಬಂದ ಮೇಲೆ ದಾಖಲೆ ತೆಗೆದು ನೋಡಿದೆ. ಸತ್ತ ಗಂಡನನ್ನು ಫೋನಿಗೆ ಕರೆಯಿರಿ ಎಂದು ನಾವು ಆಕೆಯನ್ನು ಮೂವತ್ತೊಂದು ಸಲ ಕೇಳಿದ್ದೆವು.

ಇಷ್ಟೇ ಆಗಿದ್ದರೆ ನಾನು ಕ್ಷಮೆ ಕೇಳಿ ಸುಮ್ಮನಾಗುತ್ತಿದ್ದೆ. ಸುಮತಿಯವರು ಇನ್ನೊಂದು ಸಂಗತಿ ಹೇಳಿದರು. ಅದೇ ವರ್ಷದ ಜುಲೈಯಲ್ಲಿ ಒಬ್ಬ ವಜ್ರದ ಕೆಲಸಗಾರ ಫೋನ್ ಮಾಡಿದ್ದನಂತೆ. ಊರಿಂದ ಬಂದಿರಬಹುದು, ನೀವೇ ಕೇಳಿ ನೋಡಿ ಎಂದು ನಂಬರು ಕೊಟ್ಟದ್ದು ನಾವೇ. ಹೆರಿಗೆಯಾದ ಹೆಂಡತಿಗೆ ರಕ್ತಸ್ರಾವ ನಿಂತಿಲ್ಲ, ಬಾಲಕೃಷ್ಣಭಾಯಿ ಯಾವಾಗ ಬರುತ್ತಾರೆ, ಯಾವಾಗ ಬರುತ್ತಾರೆ ಎಂದು ಬಿಡದೆ ಕೇಳಿದ. “ನಾಳೆ ಅಂತ ಬಾಯಿಗೆ ಬಂದುಬಿಟ್ಟಿತು ಮಾರಾಯ್ರೆ. ಅಳುವವ್ರಿಗೆ ಮತ್ತೆಂತ ಹೇಳುದು?” ಮಾರನೆಯ ಬೆಳಿಗ್ಗೆ ಹೋಟೆಲು ತೆರೆಯುವ ಹೊತ್ತಿಗೆ ಅವನು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿದ್ದ. ಬಾಲಕೃಷ್ಣರನ್ನು ಆಸ್ಪತ್ರೆಗೆ ಕರೆದೊಯ್ಯಲು ರಿಕ್ಷಾ ನಿಲ್ಲಿಸಿಕೊಂಡೇ ಬಂದಿದ್ದ. ನಾಳೆ ಬರುತ್ತಾರೆ ಎಂದು ನಂಬಿ ಹಿಂದಿನ ದಿನ ಬೇರೆ ಯಾರನ್ನೂ ಹುಡುಕಿರಲಿಲ್ಲ. ಸುಮತಿ ಆಗ ನಿಜ ಹೇಳಿದರು. ಅವನು ಫೋಟೋ ನೋಡಿದ, ಕೈ ಮುಗಿದ, ಮುಂದಿಟ್ಟ ಚಹಾ ಮುಟ್ಟದೆ ಹೋದ.

“ಆ ಹೆಂಗ್ಸು ಬದುಕಿದ್ಲಾ?” ಎಂದು ಸುಮತಿ ನನ್ನನ್ನು ಕೇಳಿದರು. ಸಹಾಯವಾಣಿಯವಳಾದ ನನಗೆ ಗೊತ್ತಿರಬೇಕು ಎಂದುಕೊಂಡು ಕೇಳಿದರು.

ನನಗೆ ಗೊತ್ತಿಲ್ಲ. ನಮ್ಮ ದಾಖಲೆಯಲ್ಲಿ ಆಸ್ಪತ್ರೆಯ ಹೆಸರು, ವಾರ್ಡು, ಗುಂಪು ಇವಿಷ್ಟೇ ಇತ್ತು. ಆಸ್ಪತ್ರೆಗೆ ಹೋಗಿ ಕೇಳಿದೆ, ಸಂಬಂಧಿಕಳಲ್ಲದವಳಿಗೆ ಹೇಳಲಾಗದು ಎಂದರು. ಅವನು ಆಮೇಲೆ ಕರೆ ಮಾಡಲಿಲ್ಲ. ರಕ್ತ ಸಿಕ್ಕಿದ್ದಕ್ಕೆ ಮಾಡಲಿಲ್ಲವೋ, ಇನ್ನು ಬೇಕಾಗಿಲ್ಲವೆಂದು ಮಾಡಲಿಲ್ಲವೋ? ಐದು ತಿಂಗಳಿಂದ ಈ ಎರಡು ಉತ್ತರಗಳ ನಡುವೆ ನಾನು ಓಡಾಡುತ್ತಿದ್ದೇನೆ. ತಪ್ಪು ಸುಮತಿಯವರದೆಂದು ನೀವು ಹೇಳಬಹುದು. ನನ್ನದೆಂದು ಹೇಳಿ, ಒಪ್ಪುತ್ತೇನೆ. ಇನ್ನೊಬ್ಬರ ಮಾಹಿತಿಯನ್ನು ನಮ್ಮ ಪ್ರೋಗ್ರಾಮಿಗೆ ಜೋಡಿಸಿಕೊಂಡ ದಿನವೇ ಅವರ ತಪ್ಪನ್ನು ನಮ್ಮ ದನಿಯಲ್ಲಿ ಹೇಳಲು ಒಪ್ಪಿದಂತಾಯಿತು ಎಂದು ನಾನು ತಡವಾಗಿ ಕಲಿತೆ. ನೀವು ಏನು ಕಲಿತಿರಿ ಎಂಬುದು ನನ್ನ ಪ್ರಶ್ನೆ.

ನವೆಂಬರಿನಲ್ಲಿ ಮರಣ ಪ್ರಮಾಣಪತ್ರದ ಪ್ರತಿ ಹಿಡಿದು ಅಹಮದಾಬಾದಿನ ಹೊರವಲಯದ ಬೋಪಾಲ್ ಕಡೆಗಿರುವ ನಿಮ್ಮ ಹೊಸ ಕಚೇರಿಗೆ ಬಂದೆ. ಕಿಟಕಿಯಲ್ಲಿದ್ದ ಗುಮಾಸ್ತರು ಸಭ್ಯರು, ಕುರ್ಚಿ ಕೊಟ್ಟರು, ನೀರು ಕೊಟ್ಟರು, ಒಂದು ಅರ್ಜಿ ಕೊಟ್ಟರು.

“ಬೆನ್, ಇಲ್ಲಿ ದಾನಿಯ ಸಹಿ ಬೇಕು,” ಎಂದರು ಹಿಂದಿಯಲ್ಲಿ. ಬೆನ್ ಅಂದರೆ ಅಕ್ಕ.

“ದಾನಿ ತೀರಿಕೊಂಡಿದ್ದಾರೆ. ಅದಕ್ಕೇ ಬಂದಿರುವುದು.”

“ಅದು ಸರಿ ಬೆನ್. ಆದರೆ ಹೆಸರು ತೆಗೆಯಬೇಕಾದರೆ ದಾನಿಯೇ ಬಂದು ಸಹಿ ಮಾಡಬೇಕು. ಇಲ್ಲವಾದರೆ ಯಾರ ಹೆಸರನ್ನು ಯಾರು ಬೇಕಾದರೂ ತೆಗೆಸಬಹುದಲ್ಲ?”

“ಹಾಗಾದರೆ ಸತ್ತವರ ಹೆಸರು ಹೇಗೆ ತೆಗೆಯುತ್ತೀರಿ?”

ಅವರು ಕಡತದ ಹಾಳೆಗಳನ್ನು ತಿರುವಿ ನೋಡಿದರು. “ಇದುವರೆಗೆ ಯಾರೂ ಸತ್ತಿಲ್ಲ, ಬೆನ್.”

ಅವರು ತಮಾಷೆ ಮಾಡುತ್ತಿರಲಿಲ್ಲ. ನಿಮ್ಮ ಕಡತಗಳ ಪ್ರಕಾರ ಅದು ನಿಜ. ಅಹಮದಾಬಾದ್, ವಡೋದರಾ, ಸೂರತ್ತುಗಳ ಸಾವಿರಾರು ದಾನಿಗಳಲ್ಲಿ ಪಟ್ಟಿ ಶುರುವಾದ ಈ ನಾಲ್ಕು ವರ್ಷಗಳಲ್ಲಿ ಒಬ್ಬರಿಗೂ ಸಾವು ಬಂದಿಲ್ಲ. ಇಂಥ ಆರೋಗ್ಯವಂತ ಪ್ರಜೆಗಳನ್ನು ಪಡೆದ ನಿಮ್ಮನ್ನು ಅಭಿನಂದಿಸಬೇಕೋ? ನಿಮ್ಮವರು ನನ್ನ ಮೇಲೆ ಕರುಣೆ ತೋರಿ, ದೂರವಾಣಿಯ ಮೂಲಕ ಪರಿಶೀಲನೆ ಮಾಡುವುದಾಗಿ ಹೇಳಿದರು. ಮಾಡಿದರು ಕೂಡ. ಕಚೇರಿಯಿಂದ ಬಂದ ಫೋನಾದ್ದರಿಂದ ಸುಮತಿ ಸಂಕೋಚವಿಲ್ಲದೆ, ನನ್ನ ಗಂಡ ತೀರಿಕೊಂಡು ಎರಡು ವರ್ಷವಾಗುತ್ತಾ ಬಂತು ಎಂದರು. ನಿಮ್ಮ ಪುಸ್ತಕದಲ್ಲಿ ಬರೆದುಕೊಂಡದ್ದನ್ನು ಗುಮಾಸ್ತರು ನನಗೆ ಓದಿ ಹೇಳಿದರು: ದಾನಿ ಸ್ವತಃ ಮಾತನಾಡಲಿಲ್ಲ, ದೃಢಪಟ್ಟಿಲ್ಲ, ಪುನಃ ಕರೆ ಮಾಡುವುದು.

ನಿಮ್ಮ ವೆಬ್ ಸರ್ವಿಸ್ಸಿನಲ್ಲಿ ಕೇಳುವ ವಿಧಾನಗಳು ಏಳಿವೆ. ಗುಂಪು ಹೇಳಿ ಕೇಳಬಹುದು, ಊರು ಹೇಳಿ ಕೇಳಬಹುದು, ವಯಸ್ಸು ಹೇಳಿ ಕೇಳಬಹುದು. ನಿಮಗೇ ಏನನ್ನಾದರೂ ಹೇಳಬೇಕೆಂದರೆ ಒಂದೂ ಇಲ್ಲ. ಆ ಪಟ್ಟಿಯನ್ನು ನಂಬಿ ಪ್ರತಿದಿನ ಫೋನು ಎತ್ತುವವರು ನಾವು. ಯಾರು ಊರು ಬಿಟ್ಟರು, ಯಾರಿಗೆ ಸಕ್ಕರೆ ಕಾಯಿಲೆ ಬಂತು, ಯಾರು ಹೋಗಿಬಿಟ್ಟರು ಎಂಬುದು ಮೊದಲು ತಿಳಿಯುವುದು ನಮಗೆ. ನಿಮ್ಮ ಕಂಪ್ಯೂಟರಿಗೆ ಬಾಯಿ ಕೊಟ್ಟವರು ಕಿವಿ ಕೊಡಲು ಯಾಕೆ ಮರೆತಿರಿ?

ನಾನು ಓದಿದ ಶಾಸ್ತ್ರದ ಒಂದು ಸರಳ ಲೆಕ್ಕ ಹೇಳುತ್ತೇನೆ. ಸತ್ತವರನ್ನು ತೆಗೆಯದ, ಹೆಚ್ಚು ದಿನವಾದವರನ್ನು ಮೊದಲು ತೋರಿಸುವ, ಐದೇ ಹೆಸರು ಕೊಡುವ ಪಟ್ಟಿಯನ್ನು ಸಾಕಷ್ಟು ವರ್ಷ ನಡೆಸಿದರೆ, ಒಂದು ದಿನ ಐದಕ್ಕೆ ಐದೂ ಸತ್ತವರ ಹೆಸರೇ ಇರುತ್ತವೆ. ಆರನೆಯ ಸಾಲಿನಿಂದ ಕೆಳಗೆ ಬದುಕಿರುವವರು ನೂರಾರು ಜನ ತೋಳು ಮಡಚಿಕೊಂಡು ಕಾಯುತ್ತಿರುತ್ತಾರೆ, ಅವರನ್ನು ಯಾರೂ ಕರೆಯುವುದಿಲ್ಲ. ಸಣ್ಣ ಗುಂಪುಗಳಲ್ಲಿ ಆ ದಿನ ದೂರವಿಲ್ಲ. ಸೂರತ್ತಿನ ಬಿ ನೆಗೆಟಿವ್‌ನಲ್ಲಿ ಈಗಾಗಲೇ ಐದರಲ್ಲಿ ಇಬ್ಬರು.

ಡಿಸೆಂಬರಿನಲ್ಲಿ ನಾನು ನಮ್ಮ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ: ಈ ಎರಡು ನೋಂದಣಿ ಸಂಖ್ಯೆ ಬಂದರೆ ತೋರಿಸಬೇಡ. ಅಷ್ಟೇ. ಫೆಬ್ರುವರಿಯಲ್ಲಿ ನಿಮ್ಮ ತಪಾಸಣೆಯವರು ಅದನ್ನು ಕಂಡುಹಿಡಿದರು. ಸತ್ತವರನ್ನು ಎರಡು ವರ್ಷ ಕಾಣದ ಕಣ್ಣಿಗೆ ಈ ಒಂದು ಸಾಲು ಎಷ್ಟು ಬೇಗ ಕಂಡಿತು ನೋಡಿ. ಪಟ್ಟಿಯನ್ನು ಬಂದ ಹಾಗೆಯೇ ತೋರಿಸಬೇಕು ಎಂಬ ಷರತ್ತು ಮುರಿದಿದ್ದೀರಿ ಎಂದು ಬರೆದು ನಮ್ಮ ಕೀ ರದ್ದು ಮಾಡಿದಿರಿ. ಈಗ ನಮ್ಮ ಪ್ರೋಗ್ರಾಮು ಏನು ಕೇಳಿದರೂ ‘ಅನುಮತಿ ಇಲ್ಲ’ ಎಂಬ ಒಂದೇ ಉತ್ತರ. ರಶ್ಮಿ ಒಂದು ನೋಟುಬುಕ್ಕಿನಲ್ಲಿ ಗೊತ್ತಿರುವವರ ನಂಬರು ಬರೆದುಕೊಂಡು ಕೂತಿದ್ದಾಳೆ. ಹೋದ ವಾರ ಸೂರತ್ ಬಳಿಯ ಹಜೀರಾದ ಕಂಪನಿ ಕಾಲೊನಿಯಿಂದ ಬಂದ ಎರಡು ಕರೆಗಳಿಗೆ ನಮ್ಮ ಬಳಿ ಒಂದು ಹೆಸರೂ ಇರಲಿಲ್ಲ. ನಾವು ಕರೆ ಮಾಡುವುದನ್ನು ನಿಲ್ಲಿಸಿದರೂ ಸುಮತಿಯವರ ಫೋನು ನಿಂತಿಲ್ಲ. ನಿಮ್ಮ ಪಟ್ಟಿ ಜೋಡಿಸಿಕೊಂಡವರು ಬೇರೆ ಊರುಗಳಲ್ಲೂ ಇದ್ದಾರೆ. ಸುಮತಿ ಈಗಲೂ, ಯಾರಿಗೆ ಹುಷಾರಿಲ್ಲ ಎಂದು ಮೊದಲು ಕೇಳಿಕೊಂಡೇ ಉತ್ತರ ಕೊಡುತ್ತಾರೆ.

ಬಾಲಕೃಷ್ಣರ ಹೆಸರನ್ನು ಈ ತಿಂಗಳೊಳಗೆ ಪಟ್ಟಿಯಿಂದ ತೆಗೆಯಿರಿ. ನಮ್ಮ ಕೀ ಹಿಂದಿರುಗಿಸಿ. ನಿಮ್ಮ ಸರ್ವಿಸ್ಸಿಗೆ ಎಂಟನೆಯ ವಿಧಾನವೊಂದನ್ನು ಸೇರಿಸಿ, ‘ಇವರು ಇನ್ನಿಲ್ಲ’ ಎಂದು ನಿಮಗೆ ತಿಳಿಸಲು. ಅದನ್ನು ಬರೆಯಲು ನಿಮ್ಮಲ್ಲಿ ಜನವಿಲ್ಲದಿದ್ದರೆ ನಾನೇ ಬಂದು ಬರೆದುಕೊಡುತ್ತೇನೆ, ಎರಡು ದಿನದ ಕೆಲಸ.

ಅಂಚೆಯಲ್ಲಿ ನಿಮಗೆ ಕಳಿಸುತ್ತಿರುವ ಪತ್ರದ ಜೊತೆ ನಿಮ್ಮದೇ ಅರ್ಜಿಯ ಒಂದು ಪ್ರತಿ ಲಗತ್ತಿಸಿದ್ದೇನೆ. ಇದು ನನ್ನದು. ನಾನೂ ನಿಮ್ಮ ಪಟ್ಟಿಯಲ್ಲಿದ್ದೇನೆ, ವಡೋದರಾ, ಎ ಪಾಸಿಟಿವ್. ಹೆಸರು ತೆಗೆಯಲು ಕೋರಿ, ಬದುಕಿರುವಾಗಲೇ, ನಿಮ್ಮ ನಿಯಮದಂತೆ ದಾನಿಯೇ ಸಹಿ ಮಾಡಿದ್ದಾಳೆ. ತಾರೀಖಿನ ಜಾಗ ಖಾಲಿ ಬಿಟ್ಟಿದ್ದೇನೆ. ಆ ದಿನ ರಶ್ಮಿ ಬಂದು ತುಂಬುತ್ತಾಳೆ. ಹೇಳಿದಾಗ ಅವಳು ನನ್ನನ್ನು ಚೆನ್ನಾಗಿ ಬೈದಳು, ಆಮೇಲೆ ಒಪ್ಪಿದಳು. ದಯವಿಟ್ಟು ಅವಳನ್ನು ಕಿಟಕಿಯಿಂದ ವಾಪಸು ಕಳಿಸಬೇಡಿ.

ಇಂತಿ,
ಸದ್ಯಕ್ಕೆ ಸ್ವತಃ ಸಹಿ ಮಾಡಬಲ್ಲ,
ಸರಸ್ವತಿ
ವಡೋದರಾ, ಮಾರ್ಚ್ ೨೦೦೬