ಸೋಮವಾರ ತಲುಪಬೇಕಾದ ಮದುವೆ ಮಿಠಾಯಿ

ಸುಝೌ
ಶನಿವಾರ, ಮಧ್ಯಾಹ್ನ

ನನ್ನ ಮುದ್ದು ವೆಯ್‌ನಿಂಗ್,

ಊಟ ಮಾಡಿದೆಯಾ? ಮಾಡಿರದಿದ್ದರೆ ಮೊದಲು ಮಾಡು, ಆಮೇಲೆ ಓದು. ಪಾರ್ಕಿನ ಮದುವೆ ಸಂತೆಯಲ್ಲಿ ಗಂಡು ಹುಡುಕಲು ನಿನ್ನ ವಿವರ ಬರೆದು ಕೊಡೆಗೆ ಅಂಟಿಸಿಕೊಂಡು ಕೂತೆನೆಂದು ಸಿಟ್ಟಾಗಿ ಈ ಅತ್ತೆಯ ಫೋನ್ ಎತ್ತುವುದನ್ನೇ ಬಿಟ್ಟೆ. ಅದಕ್ಕೇ ಈ ಕಾಗದ. ನಿನ್ನ ಹಳೆಯ ಪಾಠಪುಸ್ತಕ ನೋಡಿ ಕಲಿತ ಅಕ್ಷರ, ಸೊಟ್ಟಗಿದ್ದರೆ ನಗಬೇಡ.

ಕಳೆದ ವಾರ ತಾವೋ ಅಕ್ಕ ಬಂದಿದ್ದರು. ನಿನ್ನ ಆಫೀಸಿನ ಜಿಂಗ್‌ಫಾನನ ತಾಯಿ. ನೀನು ಹೇಳದೆ ಮುಚ್ಚಿಟ್ಟ ನಿಮ್ಮಿಬ್ಬರ ಪ್ರೀತಿಯ ವಿಷಯವನ್ನೆಲ್ಲ ಅವರೇ ಹೇಳಿದರು. ಫೋಟೊ ತೋರಿಸಿದರು. ಅವನ ಪಕ್ಕದಲ್ಲಿ ನೀನು ಕಣ್ಣು ಮುಚ್ಚಿಹೋಗುವಷ್ಟು ನಗುತ್ತಿದ್ದೆ. ಆ ನಗು ನೋಡಿ ನಾನು ಏನನ್ನೂ ಕೇಳಲಿಲ್ಲ.

ಮರುದಿನ ಅಕ್ಕನೂ ನಾನೂ ಸಿನಿಮಾಗೆ ಹೋದೆವು. ಆಫೀಸಿನಲ್ಲಿ ಎದುರುಬದುರು ಕೂತು ಜಗಳವಾಡುವ ಹುಡುಗ ಹುಡುಗಿಯ ಕಥೆ. ಕೊನೆಯಲ್ಲಿ ಅವರು ತಮ್ಮ ಮದುವೆ ಗೊತ್ತಾಯಿತೆಂದು ಸಾರಲು ಎಲ್ಲರ ಮೇಜಿಗೂ ಮದುವೆ ಮಿಠಾಯಿ ಹಂಚುತ್ತಾರೆ. ಸಿಡುಕು ಮೋರೆಯ ಮ್ಯಾನೇಜರನೇ ಮೊದಲು ಬಾಯಿಗೆ ಹಾಕಿಕೊಳ್ಳುತ್ತಾನೆ, ಎಲ್ಲರೂ ಚಪ್ಪಾಳೆ. ನಾನೂ ನಕ್ಕೆ, ಕಣ್ಣೀರೂ ಹಾಕಿದೆ. ಆದರೆ ಸಿನಿಮಾ ಅಲ್ಲಿಗೇ ಮುಗಿಯಿತು. ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಯಾರು ಹೋದರು, ಮನೆಯಲ್ಲಿ ಯಾರು ಉಳಿದರು ಎಂಬುದನ್ನು ತೋರಿಸಲಿಲ್ಲ.

ಇವತ್ತು ಬೆಳಿಗ್ಗೆ ಅಕ್ಕ ಮದುವೆ ಮಿಠಾಯಿಯ ಕೆಂಪು ಪೆಟ್ಟಿಗೆಗಳ ರಾಶಿಯನ್ನೇ ತಂದರು. ಮೇಲೆ ನಿಮ್ಮಿಬ್ಬರ ಹೆಸರು.

“ತಂಗೀ, ಸಿನಿಮಾದ ಥರಾನೇ ಮಾಡೋಣ. ಹುಡುಗೀರು ನಾಚ್ಕೋತಾರೆ, ನಾವೇ ದೂಡ್ಬೇಕು” ಅಂದರು.

ರಿಬ್ಬನ್ ಕಟ್ಟುತ್ತಾ ಕೇಳಿದೆ: “ಯಾರ ತಲೆಗೆ ಹೊಳೀತು ಇದು?”

“ಇನ್ಯಾರು, ನಮ್ಮ ಜಿಂಗ್‌ಫಾನ್! ಸೋಮವಾರ ಬೆಳಿಗ್ಗೇನೇ ಆಫೀಸಿಗೆ ತಲುಪ್ಬೇಕು ಅಂತ ಎರಡೆರಡು ಸಲ ಹೇಳ್ದ.”

“ಮಂಗಳವಾರ ಆದ್ರೆ ಮಿಠಾಯಿ ಕಹಿಯಾಗುತ್ತಾ ಅಕ್ಕಾ?”

“ಅಯ್ಯೋ, ಸೋಮವಾರ ಸಂಜೆ ವಿಭಾಗದ ಮುಖ್ಯಸ್ಥರ ಹೆಸರು ಹೇಳ್ತಾರಂತೆ. ಇವರಿಬ್ಬರದೂ ಹೆಸರಿದೆಯಂತಲ್ಲ. ಮದುವೆಯಾಗೋ ಹುಡುಗಿ ಆ ತಲೆನೋವು ಯಾಕೆ ಹಚ್ಕೋಬೇಕು ಅಂತಾನೆ. ಎಷ್ಟು ಅಕ್ಕರೆ ನೋಡು!”

ನನ್ನ ಕೈಯಲ್ಲಿದ್ದ ಗಂಟು ಬಿಗಿಯಲೇ ಇಲ್ಲ.

ಆ ಜಾಗಕ್ಕೆ ನಿನ್ನ ಹೆಸರಿದೆ ಎಂದು ವಸಂತದ ಹಬ್ಬಕ್ಕೆ ಬಂದಾಗ ನೀನೇ ಹೇಳಿದ್ದೆ. ಎದುರಾಳಿ ಯಾರೆಂದು ಹೇಳಿರಲಿಲ್ಲ. ಗಂಡ ಹೆಂಡತಿ ಒಂದೇ ವಿಭಾಗದಲ್ಲಿರಬಾರದೆಂಬ ನಿಯಮವನ್ನೂ ನೀನೇ ಹೇಳಿದ್ದು. ಹೋದ ವರ್ಷ ಮಿಠಾಯಿ ಹಂಚಿದ ನಿನ್ನ ಗೆಳತಿಯನ್ನು ವಾರದೊಳಗೆ ಗೋದಾಮಿಗೆ ಎತ್ತಿಹಾಕಿದರಲ್ಲ, ಅವಳ ಗಂಡ ಕೂತಲ್ಲೇ ಕೂತಿದ್ದಾನೆ. ಆ ಪೆಟ್ಟಿಗೆಗಳು ಮೇಜಿನ ಮೇಲೆ ಬಂದು ಕೂತರೆ ಇಲ್ಲ ಎನ್ನಲು ನಿನಗೆ ಬಾಯಿ ಎಲ್ಲಿಯದು?

ಜಿಂಗ್‌ಫಾನನ ಮನಸ್ಸಿನಲ್ಲಿ ನಿಜವಾಗಿ ಏನಿದೆಯೋ ನನಗೆ ಗೊತ್ತಿಲ್ಲ ಮಗಳೇ. ಪ್ರೀತಿಯ ಅವಸರವೂ ಇರಬಹುದು. ಅವನ ತಾಯಿಯಂತೂ ಒಳ್ಳೆಯವರು, ಮಗ ಹೇಳಿದ್ದನ್ನು ಹಾಗೇ ನಂಬಿದ್ದಾರೆ. “ಕೊರಿಯರ್‌ಗೆ ನೀನೇ ಕೊಟ್ಟುಬಿಡು ತಂಗೀ” ಎಂದು ಹೇಳಿ ಈಗಷ್ಟೇ ಬಸ್ಸು ಹಿಡಿದರು. ಪೆಟ್ಟಿಗೆಗಳು ಹೊಸ್ತಿಲ ಬಳಿ ಇವೆ. ಕೊರಿಯರ್‌ನವನು ಇನ್ನೇನು ಬರುತ್ತಾನೆ. ಕೊಟ್ಟರೆ ನಿನ್ನ ಕುರ್ಚಿ ಹೋಗುತ್ತದೆ. ಕೊಡದಿದ್ದರೆ ನಿನ್ನ ನೆಂಟಸ್ತಿಕೆಯನ್ನು ನಾನೇ ಮುರಿದಂತೆ ಆಗುತ್ತದೇನೋ.

ಕೆಳಗೆ ಗಾಡಿ ನಿಂತ ಸದ್ದು.

ಯಾವತ್ತೂ ನಿನ್ನವಳೇ ಆದ ಅತ್ತೆ,
ಷಾವೊ ಪೇಚೆನ್

ಮರೆತ ಮಾತು: ಕೊರಿಯರ್‌ನವನು ಬಾಗಿಲಲ್ಲಿ ನಿಂತಿದ್ದಾನೆ. ಈ ಕಾಗದವಿಟ್ಟ ಒಂದೇ ಪೆಟ್ಟಿಗೆ ಕೊಡುತ್ತಿದ್ದೇನೆ, ವಿಳಾಸ ನಿನ್ನ ಕೋಣೆಯದು, ನಾಳೆಯೇ ಸಿಗುತ್ತದೆ. ಉಳಿದವೆಲ್ಲ ನನ್ನ ಮಂಚದ ಕೆಳಗೆ ಹೋದವು. ಎಲ್ಲ ಕಳಿಸಿದೆ ಎಂದು ಅಕ್ಕನಿಗೆ ಸುಳ್ಳು ಹೇಳುತ್ತೇನೆ. ಸೋಮವಾರ ಬೆಳಿಗ್ಗೆ ಆಫೀಸಿಗೆ ಮಿಠಾಯಿ ಬರುವುದಿಲ್ಲ. ನೀನು ಬಾಗಿಲ ಕಡೆ ನೋಡಬೇಡ, ಬಾಗಿಲನ್ನೇ ನೋಡುತ್ತಾ ಕೂತಿರುವ ಜಿಂಗ್‌ಫಾನನ ಮುಖ ನೋಡು. ಆಮೇಲೆ ನನಗೆ ಫೋನ್ ಮಾಡು. ಮಂಚದ ಕೆಳಗಿನದು ಹಂಚುವುದಕ್ಕೋ, ನಾವಿಬ್ಬರೇ ಚಹಾದ ಜೊತೆ ತಿಂದು ಮುಗಿಸುವುದಕ್ಕೋ, ನೀನೇ ಹೇಳು.