ಮೊದಲು ಎದೆ, ಆಮೇಲೆ ಉಸಿರು

ಜನವರಿ 19, ಸೋಮವಾರ
ಇವತ್ತೂ ದ್ರಾಕ್ಷಿ. ಬೊರಿವಲಿಯಲ್ಲಿ ಲೋಕಲ್ ರೈಲು ತಪ್ಪಿತು, ದಾದರ್‌ನಲ್ಲಿ ಇನ್ನೊಂದು ತಪ್ಪಿತು. ಸೂಪರ್ವೈಸರ್ ಮುಖ ಹುಳಿ ದ್ರಾಕ್ಷಿಗಿಂತ ಹುಳಿ. ಸಂಜೆವರೆಗೆ ಕೋಲ್ಡ್ ಸ್ಟೋರೇಜಿನ ಚಿಲ್ಲರ್‌ನಲ್ಲಿ ಕೂತು ಕೊಳೆತ ಹಣ್ಣು ಆರಿಸಿದೆ. ಹೊರಗೆ ಬಂದಾಗ ಬೆರಳು ನನ್ನವೇ ಅಲ್ಲ.

ಗುರಲಿಂಗಪ್ಪನ ಫೋನಿಲ್ಲ. ನಮ್ಮ ಯಜಮಾನರನ್ನು ಕಾಶ್ಮೀರದ ಆಚೆ ಸುರಂಗದ ಕೆಲಸಕ್ಕೆ ಕರೆದುಕೊಂಡು ಹೋದ ಮುಕಾದಮ ಅವನೇ. ಹೊಸ ವರ್ಷದ ವಾರ ಹಿಮ ಕುಸಿಯಿತು, ಇವರು ಅದರಡಿ ಸಿಕ್ಕರು. ಹುಡುಕುವುದನ್ನು ನಿಲ್ಲಿಸಿದ್ದಾರೆ. ಹಿಮ ಕರಗಲಿ, ಆಮೇಲೆ ನೋಡೋಣ ಅಂತ. ಕರಗುವುದು ಬೇಸಿಗೆಗೆ. ಅಲ್ಲಿವರೆಗೆ ನಾನು ಯಾರು — ಹೆಂಡತಿಯೋ, ವಿಧವೆಯೋ? ಹೆದರಿಕೆಯಾಗುತ್ತದೆ. ಕುಂಕುಮ ಹಚ್ಚಿಕೊಂಡೇ ಹೋಗುತ್ತಿದ್ದೇನೆ.

ಜನವರಿ 23
ದ್ರಾಕ್ಷಿ ಕ್ರೇಟಿನ ಅಡಿಯಲ್ಲಿ ಹಲ್ಲಿ. ಕಡ್ಡಿಯಂತೆ ಸೆಟೆದಿತ್ತು. ಎಸೆಯಲು ಹೊರಗೆ ತಂದವಳು ಬಿಸಿಲಲ್ಲಿ ಕಟ್ಟೆಯ ಮೇಲಿಟ್ಟು ಚಹಾ ಕುಡಿಯುತ್ತ ನಿಂತೆ. ಚಹಾ ಮುಗಿಯುವಷ್ಟರಲ್ಲಿ ಅದರ ಗಂಟಲಿನ ಚರ್ಮ ಮಿಡಿಯಿತು. ಆಮೇಲೆ ಒಂದು ಕಾಲು. ಕಣ್ಣು ಮಾತ್ರ ಮೊದಲಿನಿಂದಲೂ ತೆರೆದೇ ಇತ್ತು.

ಖಾಲಿ ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ತಂದೆ. ಯಾಕೆ ಅಂದರೆ ಗೊತ್ತಿಲ್ಲ. ಲೋಕಲ್‌ನಲ್ಲಿ ಪಕ್ಕದವಳು ಡಬ್ಬಿಯೊಳಗಿನ ಸರಸರ ಕೇಳಿ "ಇಸ್ ಮೇ ಕ್ಯಾ ಹೈ?" ಅಂದಳು. "ಸಬ್ಜಿ" ಅಂದೆ. ಎದ್ದು ಬೇರೆ ಕಡೆ ನಿಂತಳು.

ಜನವರಿ 25, ಭಾನುವಾರ
ಪಕ್ಕದ ಖೋಲಿಯ ಗುಲಾಫಶಾಗೆ ಹೇಳಿದೆ. ಬಿ.ಎಸ್ಸಿ. ಓದುವ ಹುಡುಗಿ. ಅವಳ ಮನೆಯವರೂ ನಮ್ಮ ವಿಜಾಪುರದ ಕಡೆಯವರೇ, ಆದರೆ ಅವಳ ಕನ್ನಡ ಅರ್ಧ ಹಿಂದಿ.

"ಮೌಶಿ, ಅದು ಸತ್ತಿದ್ದಿಲ್ಲ. ಸುಸ್ತ್ ಪಡ್ ಗಯಾ ಥಾ, ಬಸ್. ಅದರ ರಕ್ತಾ ಹೊರಗಿನ ಹವಾದಂಗ ಇರ್ತದ. ಥಂಡಿ ಆದ್ರ ಅದೂ ಥಂಡಿ. ಅಸಲಿ ಬರ್ಫ್ ಆಗೋ ಕಪ್ಪಿ ಬ್ಯಾರೆ ಅದ. ಅಮೆರಿಕಾದಾಗ."

ಅಲ್ಲಿಯ ಕಾಡಿನ ಕಪ್ಪೆ ಚಳಿಗಾಲವಿಡೀ ಎಲೆಗಳಡಿ ಹೆಪ್ಪುಗಟ್ಟಿ ಬಿದ್ದಿರುತ್ತದಂತೆ. ಉಸಿರಿಲ್ಲ, ಎದೆಬಡಿತವಿಲ್ಲ. ನೆಲಕ್ಕೆ ಬಡಿದರೆ ಕಲ್ಲಿನ ಸದ್ದು. ಬಿಸಿಲು ಬಂತೆಂದರೆ ಕರಗಿ ಏಳುತ್ತದೆ — ಮೊದಲು ಎದೆ, ಆಮೇಲೆ ಉಸಿರು, ಕೊನೆಗೆ ಕಾಲು.

"ಹೆಂಗ?" ಅಂದೆ.

"ಶುಗರ್, ಮೌಶಿ. ಮೈತುಂಬ ಶುಗರ್ ಬಿಟ್ಕೋತದ. ಅದಕ್ಕ ಒಳಗ ಏನೂ ಒಡಿಯೂದಿಲ್ಲ."

ಸಕ್ಕರೆ...

ಇವರಿಗೆ ಸಕ್ಕರೆ ಕಾಯಿಲೆ. ಕೆಲಸ ತಪ್ಪೀತೆಂದು ಮುಕಾದಮನಿಗೂ ಹೇಳಿರಲಿಲ್ಲ. ಗುಳಿಗೆಗಳನ್ನು ಇಲ್ಲೇ ಕಪಾಟಿನಲ್ಲಿ ಮರೆತು ಹೋದರು. ಫೋನಿನಲ್ಲಿ ಎಷ್ಟು ಬೈದಿದ್ದೆ ಆಗ. ಇವತ್ತು ಗುಳಿಗೆಯ ಡಬ್ಬಿ ತೆಗೆದು ನೋಡಿದೆ. ಒಂದೂ ನುಂಗಿಲ್ಲ. ನಗು ಬಂತು, ತಡೆಯಲಾಗಲಿಲ್ಲ.

ಫೆಬ್ರವರಿ 8
ಅತ್ತೆ ಹಾಲವ್ವ ಊರಿಂದ ಬಂದರು. ಅಳಲಿಲ್ಲ. ಅಳು ಮುಗಿಸಿಕೊಂಡೇ ಬಂದಿರಬೇಕು.

"ಎಷ್ಟ ದಿನಾ ಹಿಂಗ ಕುಂದರ್ತಿ, ಶಿವಕ್ಕಾ? ಹಿಟ್ಟಿನ ಮೂರ್ತಿ ಮಾಡಿ ಮಣ್ಣ ಕೊಟ್ಟಬಿಡೂಣು. ನನ್ನ ಮಗಗ ಒಂದ ಜಾಗಾ ಅಂತ ಆಗಲಿ."

"ಬ್ಯಾಡ್ರಿ ಅತ್ತಿ. ಬ್ಯಾಸಗಿಗೆ ಬರ್ತಾರ."

ಕ್ಯಾಲೆಂಡರಿನ ಹಿಂದೆ ಹಲ್ಲಿ ಲೊಚಗುಟ್ಟಿತು. ತಂದಾಗಿನಿಂದ ಸದ್ದೇ ಮಾಡದಿದ್ದ ಹಲ್ಲಿ.

ಹಲ್ಲಿ ನುಡಿದರೆ ಆಗಷ್ಟೇ ಆಡಿದ ಮಾತು ಖರೆ ಎಂದು ನೆಲ ತಟ್ಟುವುದು ನಮ್ಮ ರೂಢಿ. ಅತ್ತೆಯ ಬೆರಳು ತಾನಾಗಿಯೇ ನೆಲ ತಟ್ಟಿತು. ಆಮೇಲೆ ಆ ಬೆರಳನ್ನೇ ನೋಡುತ್ತ ಕೂತರು. ಮೂರ್ತಿಯ ಮಾತು ಮತ್ತೆ ಎತ್ತಲಿಲ್ಲ. ಊರಿಗೂ ಹೋಗಲಿಲ್ಲ.

ಮಾರ್ಚ್ 3
ಚಿಲ್ಲರ್‌ನಲ್ಲಿ ಸ್ವೆಟರ್ ತೆಗೆದಿಟ್ಟು ಕೂತೆ. ಮೊದಲು ನೋವು. ಆಮೇಲೆ ನೋವೂ ಇಲ್ಲ, ಒಂಥರಾ ಹಿತ. ಇವರಿಗೂ ಹೀಗೇ ಆಗಿದ್ದರೆ ಅಡ್ಡಿಯಿಲ್ಲ ಎನ್ನಿಸಿ ಸಮಾಧಾನವಾಯಿತು. ಸೂಪರ್ವೈಸರ್ ಕೈ ಹಿಡಿದು ಹೊರಗೆ ಎಳೆದ. ಬೈದ. ಬೈಯುವಾಗ ಅವನ ದನಿ ನಡುಗುತ್ತಿತ್ತು.

ಸಂಜೆ ಗುಲಾಫಶಾಗೆ ಇವರ ಸಕ್ಕರೆ ಕಾಯಿಲೆಯ ವಿಷಯ ಹೇಳಿದೆ. ಹುಡುಗಿಯ ಮುಖ ಬಿಳಿಚಿಕೊಂಡಿತು.

"ಮೌಶಿ, ಅದು ಕಪ್ಪಿ. ಮನಷ್ಯಾರಿಗೆ ಹಂಗ ಆಗೂದಿಲ್ಲ. ಅಂಕಲ್... ಪ್ಲೀಸ್ ಮೌಶಿ. ನಾ ಯಾಕ ಹೇಳಿದೆ ನಿಮಗ."

ಅತ್ತಳು. ಪಾಪ, ಪರೀಕ್ಷೆ ಹತ್ತಿರ ಬಂದಿದೆ. ಚಹಾ ಮಾಡಿಕೊಟ್ಟೆ, ಸಕ್ಕರೆ ಜಾಸ್ತಿ ಹಾಕಿ.

ಏಪ್ರಿಲ್ 27
ಸೆಖೆ. ಹಲ್ಲಿ ಕೊಬ್ಬಿದೆ. ಗುರಲಿಂಗಪ್ಪನ ಫೋನು.

"ತಂಗೀ, ದಾರಿ ತೆಗೀಲಿಕ್ಕತ್ತಾರ. ಮನಸ್ಸ ಗಟ್ಟಿ ಮಾಡ್ಕೊ."

ಗಟ್ಟಿಯೇ ಇದೆ. ಇವರ ಲುಂಗಿ, ಬನಿಯನ್ ಒಗೆದು ಮಡಚಿಟ್ಟೆ.

ಮೇ 11
ಸಿಕ್ಕರು.

"ಮುಖ ಹಂಗ ಅದ ತಂಗಿ. ಮಲಕೊಂಡಂಗ," ಎಂದು ಗುರಲಿಂಗಪ್ಪ ಅತ್ತ.

ಹಾಗೇ ಇರಬೇಕಲ್ಲ.

"ಅಲ್ಲಿ ಬಿಸಿಲಿಗೆ ಇಡಬ್ಯಾಡ್ರಿ," ಅಂದೆ. "ಮನೀಗೆ ಬರೂತನಕಾ ತಣ್ಣಗ ಇರಲಿ."

ಹೆಣ ಕೆಡಬಾರದೆಂದು ಹೇಳುತ್ತಿದ್ದೇನೆ ಅಂದುಕೊಂಡ. "ಹೂಂ ತಂಗಿ, ಹೂಂ" ಅಂದ. ಎಚ್ಚರಾಗುವಾಗ ಗುರುತಿನವರು ಒಬ್ಬರಾದರೂ ಹತ್ತಿರ ಇರಬೇಡವೇ?

ಮೇ 14, ಮಧ್ಯಾಹ್ನ
ಬಂದರು. ಬೆಳಗಿನ ವಿಮಾನ. ಕೆಡದಂತೆ ಮೈಗೆ ಔಷಧ ಚುಚ್ಚಿದ್ದಾರಂತೆ. ಔಷಧ ತಾನೇ, ಇರಲಿ. ಗಾಜಿನ ಮುಚ್ಚಳದ ಫ್ರೀಜರ್ ಪೆಟ್ಟಿಗೆ ಬಾಡಿಗೆಗೆ ತಂದು ಅದರಲ್ಲಿಟ್ಟಿದ್ದಾರೆ. ನಮ್ಮಲ್ಲಿ ಸತ್ತವರನ್ನು ಕೂರಿಸುತ್ತಾರೆ. ಇವರ ಮೈ ಬಾಗಲಿಲ್ಲ, ಮಲಗಿಸಿದ್ದಾರೆ. ನನ್ನ ಮಟ್ಟಿಗೆ ಅದೇ ಸರಿ.

ಎಲ್ಲರೂ ನನ್ನ ಬಳೆಗಳನ್ನೇ ನೋಡುತ್ತಾರೆ. ನೋಡಲಿ. ಗಂಡಸರು ಮಣ್ಣಿನ ವ್ಯವಸ್ಥೆಗೆ ಹೋದರು, ಹೆಂಗಸರು ಗುಲಾಫಶಾಳ ಖೋಲಿಗೆ ಚಹಾಕ್ಕೆ. ಅತ್ತೆ ಅತ್ತು ಅತ್ತು ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಹಾಗೇ ನಿದ್ದೆ ಹೋದರು.

ಸಂಜೆಗೆ ಮಣ್ಣು. ಇನ್ನೂ ಹೊತ್ತಿದೆ.

ಅದೇ ದಿನ, ಮೂರು ಗಂಟೆ
ಬಾಗಿಲಿಗೆ ಚಿಲಕ ಹಾಕಿದೆ. ಫ್ರೀಜರಿನ ಪ್ಲಗ್ ಕಿತ್ತೆ. ಫ್ಯಾನ್ ಬಂದ್. ಮುಚ್ಚಳ ಸರಿಸಿ ಕಿಟಕಿಯ ಪರದೆ ತೆರೆದೆ. ಬಿಸಿಲು ನೇರ ಎದೆಯ ಮೇಲೆ.

ಹುಬ್ಬಿನ ಮೇಲೆ ನೀರಹನಿ. ಒರೆಸಿದೆ. ಮತ್ತೆ ಬಂತು.

ಇನ್ನೂ ಸ್ವಲ್ಪ ಹೊತ್ತಿಗೆ
ಎಡಗೈ ಇವರ ಎದೆಯ ಮೇಲಿದೆ. ಬಲಗೈಯಲ್ಲಿ ಬರೆಯುತ್ತಿದ್ದೇನೆ. ಮೊದಲು ಎದೆ. ಆಮೇಲೆ ಉಸಿರು. ಕಾಲಿಗೆ ಅವಸರವಿಲ್ಲ, ಎಲ್ಲಿಗೂ ಹೋಗಬೇಕಿಲ್ಲ ಇನ್ನು.

ಮೆಟ್ಟಿಲ ಮೇಲೆ ಗಂಡಸರ ಮಾತು ಕೇಳುತ್ತಿದೆ. ಬಾಗಿಲು ತಟ್ಟುತ್ತಿದ್ದಾರೆ.

"ಏಳ್ರಿ," ಅಂದೆ, ಮೆಲ್ಲಗೆ. "ಬ್ಯಾಸಗಿ ಬಂತು. ಏಳ್ತೀರಿ ಹೌದಿಲ್ಲೋ?"

ಹಲ್ಲಿ ಲೊಚಗುಟ್ಟಿತು. ನಿದ್ದೆಯಲ್ಲೇ ಅತ್ತೆಯ ಬೆರಳು ನೆಲ ತಟ್ಟಿತು.

ಕೈಯ ಕೆಳಗೆ ಏನೋ